ಎಸ್.ಪಿ. ರಸ್ತೆಯಲ್ಲಿ ಒಂದು ದಿನ

ಬೆಂಗಳೂರಿಗೆ ಹೋದವರೆಲ್ಲ ಲಾಲ್‌ಬಾಗ್ ನೋಡಿ ಬರುತ್ತಾರೆ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಂಗಸರಾದರಂತೂ ಚಿಕ್ಕಪೇಟೆಯಲ್ಲಿ ನಾಲ್ಕು ಸೀರೆ ಬಿಡಿಸಿ ನೋಡದೆ ಊರಿಗೆ ಮರಳುವುದುಂಟೇ? ಆದರೆ ಅದೇ ಚಿಕ್ಕಪೇಟೆಯಿಂದ ಹತ್ತು ಹದಿನೈದು ನಿಮಿಷ ನಡೆದರೆ ಇನ್ನೊಂದು ಬೀದಿ ಇದೆ. ಅಲ್ಲಿ ರೇಷ್ಮೆಯೂ ಇಲ್ಲ, ಜರಿಯೂ ಇಲ್ಲ. ತಂತಿ, ತಗಡು, ಹಸಿರು ಹಲಗೆ, ಸಣ್ಣ ಸಣ್ಣ ಫ್ಯಾನು, ಇವೇ. ಆದರೂ ಮನೆಯಲ್ಲಿ ಕಂಪ್ಯೂಟರ್ ಇರುವ ಪ್ರತಿಯೊಬ್ಬ ಗೃಹಿಣಿಯೂ ಒಮ್ಮೆ ನೋಡಿಬರಬೇಕಾದ ಬೀದಿ ಅದು. ನಗಬೇಡಿ ಸೋದರಿಯರೇ, ಏಕೆಂದು ಹೇಳುತ್ತೇನೆ.

ಅದರ ಪೂರ್ಣ ಹೆಸರು ಸಾದರ್ ಪತ್ರಪ್ಪ ರಸ್ತೆ. ಆ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡ್ ಅಂದರೆ ಸಾಕು, ತಕ್ಷಣ ಗೊತ್ತಾಗುತ್ತದೆ. ಒಂದು ಕಡೆ ಪುರಭವನ, ಅಂದರೆ 1935ರಲ್ಲಿ ತೆರೆದ ಸರ್ ಪುಟ್ಟಣ್ಣ ಚೆಟ್ಟಿ ಟೌನ್‌ಹಾಲ್. ಇನ್ನೊಂದು ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಇವೆರಡರ ನಡುವಣ ಹಳೆಯ ಪೇಟೆಯಲ್ಲಿ ಈ ಬೀದಿ ಸಿಕ್ಕಿಕೊಂಡಿದೆ. ಚೈತ್ರದ ಹುಣ್ಣಿಮೆಯಲ್ಲಿ ಕರಗ ಹೊರಡುವ ಧರ್ಮರಾಯಸ್ವಾಮಿ ದೇವಸ್ಥಾನ ಇಲ್ಲಿಗೆ ಬಹಳ ಹತ್ತಿರ.

ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಎಂದು ಮಾಡಿದರು ಅಂತ ಹೇಳುತ್ತಾರೆ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಆ ರೂಢಿ ಇನ್ನೂ ಹೋಗಿಲ್ಲ ನೋಡಿ. ಪುಸ್ತಕಕ್ಕೆ ಅವೆನ್ಯೂ ರಸ್ತೆ, ಮೋಟಾರು ಗಾಡಿಯ ಸಾಮಾನಿಗೆ ಜೆ.ಸಿ. ರಸ್ತೆ, ಕಂಪ್ಯೂಟರಿನ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ. ಇದಕ್ಕೆ ‘ಕಂಪ್ಯೂಟರ್‌ಪೇಟೆ’ ಎಂದು ಹೆಸರಿಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ.

ಹೋಗುವ ಪ್ರಸಂಗ

2024ರ ಮೇ ತಿಂಗಳು. ಬಿಸಿಲಿಗೆ ಬೆಂದಿದ್ದ ತುಮಕೂರಿಗೆ ಗುಡುಗು ಸಿಡಿಲಿನೊಂದಿಗೆ ಮಳೆ ಬಂತು. ಸಿಡಿಲಿನ ಆ ಒಂದು ಹೊಡೆತಕ್ಕೆ ನಮ್ಮ ಮನೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ.

ಕಂಪ್ಯೂಟರ್ ಕೆಟ್ಟರೆ ಅಷ್ಟೇನು ಎಂದು ಕೇಳಬಹುದು. ನಾನು ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡಿಕೊಡುವವಳು. ಶಾಲೆಯ ಅರ್ಜಿ, ಪ್ರಶ್ನೆಪತ್ರಿಕೆ, ಸ್ತ್ರೀಶಕ್ತಿ ಸಂಘದ ವರದಿ, ಲಗ್ನಪತ್ರಿಕೆ, ಹೀಗೆ. ಶಾಲೆಗಳು ತೆರೆಯುವ ಹೊತ್ತಿಗೆ ಕೆಲಸ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ನಮ್ಮ ಅತ್ತೆಯವರು ಬೀಸುವ ಪದ, ಸೋಬಾನೆ ಪದಗಳನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು. 2019ರಲ್ಲಿ ನಮ್ಮ ಮಗ ಅವರನ್ನು ಕೂರಿಸಿಕೊಂಡು ನಲವತ್ತು ಹಾಡು ಧ್ವನಿಮುದ್ರಣ ಮಾಡಿದ್ದ. 2021ರಲ್ಲಿ ಅವರು ತೀರಿಕೊಂಡರು. ಆ ಧ್ವನಿ ಇದ್ದದ್ದು ಈ ಪೆಟ್ಟಿಗೆಯೊಳಗೆ.

ಊರಿನ ರಿಪೇರಿ ಅಂಗಡಿಯಾತ ಮುಚ್ಚಳ ಬಿಚ್ಚಿ ಇಣುಕಿ, “ಎಲ್ಲಾ ಸುಟ್ಟು ಹೋಗಿದೆ ಮೇಡಂ, ಹತ್ತು ವರ್ಷದ ಹಳೇದು, ಹೊಸದೇ ತಗೊಳ್ಳಿ” ಎಂದು ಮೂವತ್ತೆಂಟು ಸಾವಿರದ ಲೆಕ್ಕ ಬರೆದುಕೊಟ್ಟ. ನಮ್ಮವರು “ಕಂತಿನ ಮೇಲೆ ತಗೊಂಡುಬಿಡೋಣ” ಅಂದರು. ಮನೆ ಸಾಲದ ಕಂತೇ ತಿಂಗಳು ತಿಂಗಳೂ ಹೆದರಿಸುತ್ತಿರುವಾಗ ಇನ್ನೊಂದು ಕಂತೇ? ನನ್ನ ಬಳಿ ಚೀಟಿ ಹಣ ಏಳು ಸಾವಿರ ಇತ್ತು. ಡಿಪ್ಲೊಮಾ ಓದುತ್ತಿದ್ದ ಮಗ, “ಅಮ್ಮ, ಎಲ್ಲಾ ಒಟ್ಟಿಗೆ ಸುಡೋದು ಕಡಿಮೆ. ಎಸ್.ಪಿ. ರೋಡಿಗೆ ಹೋಗಿ ಒಂದೊಂದಾಗಿ ನೋಡಿಸೋಣ” ಅಂದ. ಸರಿ, ಹೊರಟೆವು.

ದಾರಿ

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದೆವು. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ. ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅದರ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. ಎರಡರಲ್ಲಿ ಯಾವುದರಲ್ಲಿ ಇಳಿದರೂ ನಡೆದು ಹೋಗಬಹುದು. 2017ರ ಜೂನ್‌ನಲ್ಲಿ ಈ ಸುರಂಗ ಮಾರ್ಗ ಶುರುವಾದ ಮೇಲೆ ಹಳೇ ಪೇಟೆಗೆ ಹೋಗುವುದು ಎಷ್ಟು ಸಲೀಸಾಗಿದೆ! ಸ್ವಂತ ವಾಹನದಲ್ಲಿ ಮಾತ್ರ ಹೋಗಲೇಬೇಡಿ. ಇಕ್ಕಟ್ಟು ಬೀದಿ, ಗಾಡಿ ನಿಲ್ಲಿಸಲು ಒಂದು ಅಡಿ ಜಾಗ ಸಿಗುವುದಿಲ್ಲ.

ಕೆಟ್ಟ ಭಾಗದ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಲದು, ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಬೇಕು. ನಾವು ಹಳೆಯ ಹೊದಿಕೆಯಲ್ಲಿ ಸುತ್ತಿ ದಪ್ಪ ಚೀಲಕ್ಕೆ ಹಾಕಿಕೊಂಡಿದ್ದೆವು. ಮಾನಿಟರು, ಕೀಲಿಮಣೆ ಬೇಡ. ಅಂಗಡಿಯಲ್ಲಿ ಪರೀಕ್ಷೆಗೆ ಅವು ಇರುತ್ತವೆ.

ಬೀದಿಗೆ ಕಾಲಿಟ್ಟರೆ ಮೊದಲು ಕಿವಿಗೆ ಕೆಲಸ. “ಏನ್ ಬೇಕು ಮೇಡಂ? ಲ್ಯಾಪ್‌ಟಾಪಾ? ಸಿಸಿ ಕ್ಯಾಮೆರಾನಾ? ಒಳಗೆ ಬನ್ನಿ!” ಕನ್ನಡ, ಹಿಂದಿ, ಉರ್ದು, ತಮಿಳು, ಮಾರವಾಡಿ ಎಲ್ಲವೂ ಒಂದೇ ಉಸಿರಿನಲ್ಲಿ. ತಲೆಯ ಮೇಲೆ ಮಾನಿಟರಿನ ಡಬ್ಬ ಹೊತ್ತ ಕೂಲಿಯವರು, ಕೈಗಾಡಿ, ಸ್ಕೂಟರು. ರಸ್ತೆಗೆ ಕಾಣುವ ಅಂಗಡಿ ಒಂದಾದರೆ ಮೇಲಿನ ಮಹಡಿಯಲ್ಲಿ, ನೆಲಮಾಳಿಗೆಯಲ್ಲಿ, ಪಕ್ಕದ ಸಂದಿಯಲ್ಲಿ ಇನ್ನೂ ಹತ್ತು. ಹೊರಗೆ ಕೂಗುವವರ ಹಿಂದೆ ಹೋಗದೆ ಒಂದು ಸುತ್ತು ಸುಮ್ಮನೆ ನಡೆಯಿರಿ. ತರಕಾರಿ ಕೊಳ್ಳುವಾಗ ಮೊದಲ ಗಾಡಿಯಲ್ಲೇ ಚೀಲ ತುಂಬುತ್ತೇವೆಯೇ? ಇಲ್ಲೂ ಹಾಗೇ.

ಮೊದಲು ಪರೀಕ್ಷೆ, ಆಮೇಲೆ ಖರೀದಿ

ಒಂದು ಮಹಡಿಯ ಮೇಲಿನ ಸಣ್ಣ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಪರೀಕ್ಷೆ ಮಾಡಿಕೊಡುವುದಾಗಿ ಒಪ್ಪಿದರು. ಅಲ್ಲಿ ನಾನು ಕಂಡದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ.

ಮದರ್‌ಬೋರ್ಡ್ ಎಂಬ ಹಲಗೆಯೇ ಅಡುಗೆಯ ಕಟ್ಟೆ. ಪ್ರೊಸೆಸರ್ ಎಂಬ ಚಪ್ಪಟೆ ಬಿಲ್ಲೆ ಅಡುಗೆ ಮಾಡುವವಳು. ರ‍್ಯಾಮ್ ಅನ್ನುವುದು ಅವಳು ಕೈಗೆ ಸಿಗುವ ಹಾಗೆ ಸಾಮಾನು ಹರಡಿಕೊಳ್ಳುವ ಜಾಗ. ಹಾರ್ಡ್ ಡಿಸ್ಕ್ ಉಗ್ರಾಣ. ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಗೋಡೆಯ ವಿದ್ಯುತ್ತನ್ನು 12, 5, 3.3 ವೋಲ್ಟ್‌ಗಳಿಗೆ ಇಳಿಸಿ ಒಳಗಿನವರಿಗೆಲ್ಲ ಹಂಚುತ್ತದೆ. ಗ್ಯಾಸಿನ ರೆಗ್ಯುಲೇಟರ್ ಇದ್ದ ಹಾಗೆ. ಸಿಡಿಲಿನ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು ಇದರ ಮೇಲೆ.

ಹುಡುಗ ಮೊದಲು ನಮ್ಮ ಎಸ್‌ಎಂಪಿಎಸ್ ಕಳಚಿ ಪರೀಕ್ಷಿಸಿದ. ಸತ್ತಿತ್ತು. ಅಂಗಡಿಯ ಒಳ್ಳೆಯದೊಂದನ್ನು ನಮ್ಮ ಬೋರ್ಡಿಗೆ ಜೋಡಿಸಿದ. ಫ್ಯಾನು ಅಲುಗಲಿಲ್ಲ, ಬೋರ್ಡೂ ಹೋಗಿದೆ ಅಂದಾಯಿತು. ಬೋರ್ಡಿನ ಮೇಲೆ ನಿಂತಿದ್ದ ಸಣ್ಣ ಡಬ್ಬಿಯಂಥ ಕೆಪಾಸಿಟರುಗಳಲ್ಲಿ ಎರಡರ ತಲೆ ಉಬ್ಬಿದ್ದುದನ್ನು ತೋರಿಸಿದ. ಆಮೇಲೆ ನಮ್ಮ ಪ್ರೊಸೆಸರನ್ನೂ ರ‍್ಯಾಮನ್ನೂ ತೆಗೆದು ತನ್ನ ಬಳಿಯಿದ್ದ ಬೋರ್ಡಿಗೆ ಕೂರಿಸಿದ. ಪರದೆಯ ಮೇಲೆ ಬೆಳಕು ಬಂತು! ಹೋದದ್ದು ಎರಡು, ಉಳಿದದ್ದು ಎರಡು. “ಎಲ್ಲಾ ಸುಟ್ಟಿದೆ” ಎಂಬ ಮಾತಿಗೂ ಇದಕ್ಕೂ ಎಷ್ಟು ಅಂತರ ನೋಡಿ.

ಕೊನೆಗೆ ಹಾರ್ಡ್ ಡಿಸ್ಕ್. ಅದನ್ನು ಜೋಡಿಸುವಾಗ ನಾನು ಬೇರೆ ಕಡೆ ಮುಖ ತಿರುಗಿಸಿ ನಿಂತಿದ್ದೆ. ಸಣ್ಣಗೆ ಗುಯ್‌ಗುಟ್ಟುವ ಸದ್ದು ಕೇಳಿಸಿತು. “ಅಮ್ಮ, ಬಂತು” ಅಂದ ಮಗ. ಒಂದು ಕಡತ ತೆರೆದ. ಆ ಗದ್ದಲದ ಬೀದಿಯಲ್ಲಿ, ಅಷ್ಟೊಂದು ತಂತಿಗಳ ನಡುವೆ, ಅತ್ತೆಯವರು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡಿದರು. ಅಂಗಡಿಯ ಹುಡುಗ ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟು ಒಂದು ಹಾಡು ಪೂರ್ತಿ ಕೇಳಿದ. ಆಮೇಲೆ ಅವನೇ, “ಅಕ್ಕಾ, ಬೇರೇನು ತಗೊಂಡ್ರೂ ಬಿಟ್ರೂ ಇದನ್ನ ಮೊದಲು ಎರಡು ಕಡೆ ಕಾಪಿ ಮಾಡ್ಕೊಳ್ಳಿ” ಅಂದ. ಬೋರ್ಡು ಹೋದರೆ ಇನ್ನೊಂದು ಬೋರ್ಡು ಸಿಗುತ್ತದೆ. ಈ ಸಾಮಾನು ಯಾವ ಬೀದಿಯಲ್ಲೂ ಸಿಗುವುದಿಲ್ಲ.

ಮೂರು ದಾರಿ, ಒಂದು ಗಂಟು

ಈಗ ಎಸ್‌ಎಂಪಿಎಸ್ ಮತ್ತು ಬೋರ್ಡ್ ಬೇಕು. ಆದರೆ ಯಾವ ಬೋರ್ಡಾದರೂ ಆಗುವುದಿಲ್ಲ. ನಮ್ಮದು 2014ರಲ್ಲಿ ಕೊಂಡ ಕಂಪ್ಯೂಟರ್, ಇಂಟೆಲ್ ಕಂಪನಿಯ ನಾಲ್ಕನೇ ತಲೆಮಾರಿನ ಪ್ರೊಸೆಸರ್. ಅದು ಕೂರುವ ಗೂಡಿನ ಹೆಸರು 1150. ಅಷ್ಟೇ ಪಿನ್ನುಗಳಿರುವ ಗೂಡು. 1151 ಎಂಬ ಗೂಡೂ ಇದೆ, ನೋಡಲು ಅವಳಿ ಜವಳಿಯಂತೆ, ಆದರೆ ಇದಕ್ಕೆ ಆಗಿಬರುವುದಿಲ್ಲ. ರ‍್ಯಾಮ್ ಕೂಡ ಹಾಗೇ. ನಮ್ಮದು ಡಿಡಿಆರ್-3, 240 ಪಿನ್ನು. ಡಿಡಿಆರ್-4ಕ್ಕೆ 288. ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದೇ ಇಲ್ಲ. ಮಿಕ್ಸಿಯ ಜಾರ್ ತೆಗೆದುಕೊಳ್ಳುವಾಗ ನಾವು ಕಂಪನಿ, ಮಾಡೆಲ್ ನೋಡುವುದಿಲ್ಲವೇ? ಅದೇ ಲೆಕ್ಕ.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಒಂದು, ಹೆಸರಾಂತ ಕಂಪನಿಯ ಬಳಸಿದ ಬೋರ್ಡ್, 2,200 ರೂಪಾಯಿ, ಒಂದು ತಿಂಗಳ ಖಾತರಿ. ಎರಡು, ಹಳೆಯ ಪ್ರೊಸೆಸರುಗಳಿಗೆಂದೇ ಚೀನಾದಿಂದ ಬರುವ ಅಷ್ಟೇನೂ ಹೆಸರಿಲ್ಲದ ಹೊಸ ಬೋರ್ಡ್, 2,700 ರೂಪಾಯಿ, ಒಂದು ವರ್ಷದ ಖಾತರಿ. ಮೂರು, ಆಫೀಸುಗಳಿಂದ ಬಂದು ಶುಚಿಯಾದ, ಇಂಥದೇ ವಯಸ್ಸಿನ ಇಡೀ ಕಂಪ್ಯೂಟರ್, 9,500.

ಮೂರನೆಯದು ನನ್ನ ಗಂಟು ಮೀರಿತ್ತು. ಅದೂ ಅಲ್ಲದೆ ಚೆನ್ನಾಗಿರುವ ಪ್ರೊಸೆಸರನ್ನು ಮೂಲೆಗೆ ಎಸೆದು ಅಂಥದ್ದನ್ನೇ ದುಡ್ಡು ಕೊಟ್ಟು ತರುವುದೇಕೆ? ಮೊದಲನೆಯ ಬೋರ್ಡಿನ ಬಗ್ಗೆ ಮಗನಿಗೆ ಆಸೆಯಿತ್ತು, ಒಳ್ಳೆಯ ಕಂಪನಿ ಎಂದು. ಮೊಬೈಲಿನ ಬೆಳಕು ಹಾಕಿ ಗೂಡನ್ನು ನೋಡಿದೆವು. ಇಂಟೆಲ್‌ನ ಈ ಬೋರ್ಡುಗಳಲ್ಲಿ ಸೂಜಿಮೊನೆಯಂಥ ಪಿನ್ನುಗಳು ಇರುವುದು ಗೂಡಿನಲ್ಲೇ. ಒಂದು ಪಿನ್ನು ಬಾಗಿದ್ದರೂ ತೊಂದರೆ. ಬಳಸಿದ ಬೋರ್ಡು ಕೊಳ್ಳುವವರು ಇದನ್ನು ನೋಡದೆ ಹಣ ಕೊಡಬೇಡಿ. ಈ ಬೋರ್ಡಿನಲ್ಲಿ ಪಿನ್ನುಗಳೇನೋ ನೇರವಾಗಿದ್ದವು. ಆದರೆ ಒಂದು ತಿಂಗಳ ಖಾತರಿ ಸಾಕೇ? ಮುಂದೆ ಇಡೀ ಮಳೆಗಾಲ ಇದೆ, ನಾನು ಇದರಿಂದಲೇ ನಾಲ್ಕು ಕಾಸು ನೋಡುವವಳು. ಐನೂರು ಹೆಚ್ಚು ಕೊಟ್ಟರೆ ಹನ್ನೊಂದು ತಿಂಗಳ ನೆಮ್ಮದಿ ಹೆಚ್ಚು. ಹೊಸದನ್ನೇ ಆರಿಸಿದೆವು. ನಮ್ಮ ಹಳೆಯ ಮಾನಿಟರಿನ ನೀಲಿ ವಿಜಿಎ ತಂತಿಗೆ ಅದರಲ್ಲಿ ಜಾಗ ಇದೆಯೇ ಎಂದು ನೋಡಿಕೊಂಡೆವು. ಇಲ್ಲದಿದ್ದರೆ ಪರಿವರ್ತಕಕ್ಕೆ ಮತ್ತೆ ಖರ್ಚು.

ಎಸ್‌ಎಂಪಿಎಸ್ 650 ರೂಪಾಯಿಗೂ ಇತ್ತು, 2,100ಕ್ಕೂ ಇತ್ತು. ಎರಡರ ಮೇಲೂ 450 ವಾಟ್ ಎಂದೇ ಬರೆದಿತ್ತು. “ಎರಡೂ ಒಂದೇ ಅಂತ ಬರ್ದಿದ್ದೀರಲ್ಲಪ್ಪಾ, ಬೆಲೆ ಮಾತ್ರ ಯಾಕೆ ಹೀಗೆ?” ಎಂದು ಕೇಳಿದೆ. ಆತ ಎರಡನ್ನೂ ನನ್ನ ಎರಡು ಕೈಗೆ ಕೊಟ್ಟ. ಅಗ್ಗದ್ದು ಖಾಲಿ ಡಬ್ಬದ ಹಾಗೆ ಹಗುರ! ದುಬಾರಿಯದರ ಮೇಲೆ ‘80 ಪ್ಲಸ್’ ಎಂಬ ಮುದ್ರೆ ಇತ್ತು. ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಭಾಗವಾದರೂ ಕೆಲಸಕ್ಕೆ ಬರುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಹೋಗುತ್ತದೆ ಎಂದು ಅದರ ಅರ್ಥ. ಮೂರು ವರ್ಷದ ಖಾತರಿ. ಬೇರೆ ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬಾರದು. ಇದು ಕೆಟ್ಟರೆ ತಾನೊಂದೇ ಹೋಗುವುದಿಲ್ಲ, ಕೆಲವು ಸಲ ನೆರೆಯವರನ್ನೂ ಕರೆದುಕೊಂಡು ಹೋಗುತ್ತದೆ.

ಅಷ್ಟರಲ್ಲಿ ಮಗನ ಕಣ್ಣು ಗಾಜಿನ ಬದಿಯ, ಬಣ್ಣ ಬಣ್ಣದ ದೀಪದ ಕ್ಯಾಬಿನೆಟ್ಟಿನ ಮೇಲೆ. “ಅಮ್ಮ, ಮೂರೂವರೆ ಸಾವಿರ ಅಷ್ಟೇ...” “ಆ ದೀಪದ ಬೆಳಕಲ್ಲಿ ಟೈಪ್ ಬೇಗ ಆಗತ್ತೇನೋ?” ಅಂದೆ. ಅಂಗಡಿಯವರೆಲ್ಲ ನಕ್ಕರು. ಉಳಿದ ಹಣಕ್ಕೆ 1,650 ರೂಪಾಯಿಯ 256 ಜಿಬಿ ಎಸ್‌ಎಸ್‌ಡಿ ತೆಗೆದುಕೊಂಡೆವು. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಇದರಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಕಂಪ್ಯೂಟರಿಗೆ ಚುರುಕು ತರಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಹಳೆಯ ಬೋರ್ಡಿಗೆ ಸಾಟಾ ನಮೂನೆಯದೇ ಕೇಳಿ ತೆಗೆದುಕೊಳ್ಳಿ.

ಪರೀಕ್ಷೆಯ ಇನ್ನೂರೂ ಸೇರಿ ಒಟ್ಟು 6,650 ಆಯಿತು. ಗಂಟಿನಲ್ಲಿ 350 ಉಳಿಯಿತು.

ನೀವು ಹೋಗುವಾಗ

ಬೆಲೆಗಳು 2024ರವು, ಹೋದಾಗ ಹೊಸದಾಗಿ ವಿಚಾರಿಸಿ. ಈ ವ್ಯಾಪಾರದಲ್ಲಿ ಈರುಳ್ಳಿಯಂತೆ ಏರಿಳಿತ ಇದೆ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಕಾರ್ಖಾನೆಗಳು ಮುಳುಗಿದಾಗ ಲೋಕದಾದ್ಯಂತ ಹಾರ್ಡ್ ಡಿಸ್ಕ್ ದುಬಾರಿಯಾಯಿತು. 2025ರ ಕೊನೆಯಲ್ಲಿ ರ‍್ಯಾಮಿನ ಸರದಿ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳೇ ಸರಕನ್ನು ಬಾಚಿಕೊಂಡದ್ದರಿಂದ ಬೆಲೆ ಏರಿತು. ಆದ್ದರಿಂದ ಹಳೆಯ ಕಂಪ್ಯೂಟರಿನ ಒಳ್ಳೆಯ ರ‍್ಯಾಮನ್ನು ಗುಜರಿಗೆ ಹಾಕಬೇಡಿ.

ಬಿಲ್ ಕೇಳಿ ಪಡೆಯಿರಿ. “ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ” ಎನ್ನುವವರು ಸಿಗುತ್ತಾರೆ. ಕಂಪ್ಯೂಟರ್ ಸಾಮಾನಿಗೆ ಶೇಕಡ 18 ಜಿಎಸ್‌ಟಿ ಇದೆ, ಆಸೆಯಾಗುವುದು ಸಹಜ. ಆದರೆ ನಾಳೆ ಸಾಮಾನು ಕೆಟ್ಟರೆ ಖಾತರಿಗೆ ಆಧಾರ ಆ ಬಿಲ್ಲೇ. ಬಿಲ್ಲಿನಲ್ಲಿ ಸಾಮಾನಿನ ಕ್ರಮಸಂಖ್ಯೆ ಬರೆಸಿ, ಡಬ್ಬದ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಎಲ್ಲವನ್ನೂ ಅಲ್ಲೇ ಜೋಡಿಸಿ, ಓಡಿಸಿ ತೋರಿಸಿದ ಮೇಲೆಯೇ ಹಣ ಎಣಿಸಿ.

ಹೊರಡುವ ಮೊದಲು ಮನೆಯಲ್ಲೇ ಎರಡು ಸಣ್ಣ ಪರೀಕ್ಷೆ ಮಾಡಬಹುದು. ಕಂಪ್ಯೂಟರ್ ಬೀಪ್ ಬೀಪ್ ಎಂದು ಕೂಗಿ ಪರದೆ ಬರದಿದ್ದರೆ, ವಿದ್ಯುತ್ ತಂತಿ ಕಿತ್ತು, ರ‍್ಯಾಮ್ ತೆಗೆದು, ಅದರ ಹಳದಿ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಕೂರಿಸಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ದಿನಾಂಕ, ಗಂಟೆ ಪದೇಪದೇ ತಪ್ಪುತ್ತಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ 2032 ಸೆಲ್ ಬದಲಾಯಿಸಿ ನೋಡಿ. ಎಸ್‌ಎಂಪಿಎಸ್ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಎಂದೂ ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ಇನ್ನೊಂದು ಮಾತು. ಎಷ್ಟು ಹಳೆಯದಕ್ಕೆ ಎಷ್ಟು ಸುರಿಯಬೇಕು ಎಂಬ ಲೆಕ್ಕ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮುಂದಿನದು ಬೇಕು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಬಹುದು. ಅದು ಉಚಿತ, ಅದರಲ್ಲೂ ಕನ್ನಡ ಬರೆಯಬಹುದು. ಅದು ಒಗ್ಗದವರು ಇಂದು ನಾಲ್ಕನೇ ತಲೆಮಾರಿನ ಬೋರ್ಡಿಗೆ ಹಣ ಹಾಕುವ ಬದಲು ಎಂಟನೇ ತಲೆಮಾರಿನ, ಬಳಸಿ ಶುಚಿ ಮಾಡಿದ ಕಂಪ್ಯೂಟರನ್ನು ವಿಚಾರಿಸುವುದು ಮೇಲು. ಸೀರೆಗೆ ಅಂಚು ಹೊಲಿಸುವ ಮೊದಲು ಒಡಲು ಗಟ್ಟಿಯಿದೆಯೇ ಎಂದು ನೋಡುತ್ತೇವಲ್ಲ, ಹಾಗೆ.

ಮಳೆ ಮೋಡ ಕಟ್ಟಿದೊಡನೆ ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತುಬಿಡಿ. ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಿ. ಸಿಡಿಲಿನ ಪೆಟ್ಟು ಅದರಿಂದಲೂ ಒಳಬರುತ್ತದೆ. ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ಬಲ್ಲವರಿಂದ ಒಮ್ಮೆ ನೋಡಿಸಿ. ಸತ್ತ ಬೋರ್ಡನ್ನು ಕಸದ ಗಾಡಿಗೆ ಹಾಕಬೇಡಿ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿದ್ದಾರೆ, ಅವರಿಗೆ ತಲುಪುವಂತೆ ಮಾಡಿ.

ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಜನ ಕಡಿಮೆ, ಹುಡುಗರಿಗೆ ತಾಳ್ಮೆಯೂ ಇರುತ್ತದೆ. ನೀರಿನ ಬಾಟಲಿ, ಗಟ್ಟಿ ಚೀಲ, ಬರೆದಿಟ್ಟ ಪಟ್ಟಿ ಜೊತೆಗಿರಲಿ. “ನಮಗೇನು ಗೊತ್ತಾಗತ್ತೆ ಇದೆಲ್ಲಾ” ಎಂಬ ಸಂಕೋಚವನ್ನು ಮನೆಯಲ್ಲೇ ಬಿಟ್ಟು ಹೋಗಿ. ಬೇಳೆ ಆರಿಸಬಲ್ಲವಳಿಗೆ ಬೋರ್ಡು ಆರಿಸುವುದು ಕಷ್ಟವಲ್ಲ. ಕೇಳುವ ಬಾಯಿ, ನೋಡುವ ಕಣ್ಣು ಇದ್ದರಾಯಿತು.